ಪಿಯುಸಿ ಆಯಿತು, ಮುಂದೆ ಸಿಎಯೋ, ಸಿಎಸ್ಸೋ, ಸಿಎಂಎಯೋ? ಗಂಗೊಳ್ಳಿಯಂಥ ಊರಿನಿಂದ ಒಂದು ಲೆಕ್ಕಾಚಾರ

2025ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆ ಶೇ 93.90 ಫಲಿತಾಂಶದೊಂದಿಗೆ ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆಯಿತು. ಶೇ 93.57 ಪಡೆದ ದಕ್ಷಿಣ ಕನ್ನಡ ಎರಡನೇ ಸ್ಥಾನದಲ್ಲಿತ್ತು. ಅದೇ ವರ್ಷದ ಮೇ-ಜೂನ್ ಅವಧಿಯ ಸಿಎ ಫೌಂಡೇಶನ್ ಪರೀಕ್ಷೆಯಲ್ಲಿ ಇಡೀ ದೇಶದಲ್ಲಿ ತೇರ್ಗಡೆಯಾದವರು ನೂರಕ್ಕೆ ಸುಮಾರು 15 ಮಂದಿ ಮಾತ್ರ. ಜನವರಿಯ ಪರೀಕ್ಷೆಯಲ್ಲಿ ಈ ಪ್ರಮಾಣ ಶೇ 21.5ರ ಆಸುಪಾಸಿನಲ್ಲಿತ್ತು.

ಇವು ಬೇರೆ ಬೇರೆ ವಿದ್ಯಾರ್ಥಿಗಳು ಬರೆದ ಬೇರೆ ಬೇರೆ ಪರೀಕ್ಷೆಗಳು. ಹಾಗಾಗಿ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಯಾರನ್ನೂ ಅಳೆಯಲಾಗದು. ಆದರೆ ವಾಣಿಜ್ಯ ವಿಭಾಗದಲ್ಲಿ ಶೇ 95 ಅಂಕ ತಂದ ಮಗ ಅಥವಾ ಮಗಳನ್ನು ಮನೆಯವರು "ಸಿಎ ಮಾಡು" ಎಂದು ಕಳುಹಿಸುವಾಗ ಈ ಎರಡು ಅಂಕಿಗಳ ನಡುವಿನ ಅಂತರ ಕಣ್ಣ ಮುಂದೆ ಇರಬೇಕು. ಈ ಅಂತರವನ್ನು ದಾಟಬೇಕಾದದ್ದು ಹದಿನೆಂಟು ವರ್ಷದ ಮಗು. ಅದಕ್ಕೆ ತಗಲುವ ವರ್ಷಗಳ ಖರ್ಚು ಹೊರಬೇಕಾದದ್ದು ಮನೆ.

ಕುಂದಾಪುರ ತಾಲ್ಲೂಕಿನ ಗಂಗೊಳ್ಳಿ ಈ ಪ್ರಶ್ನೆಯನ್ನು ವಿಚಾರ ಮಾಡಲು ತಕ್ಕ ಊರು. ಪಂಚಗಂಗಾವಳಿ ನದಿಗಳು ಸಮುದ್ರ ಸೇರುವ ಈ ಮೀನುಗಾರಿಕಾ ಬಂದರಿನಲ್ಲಿ ಸರಸ್ವತಿ ವಿದ್ಯಾಲಯ ಪದವಿಪೂರ್ವ ಕಾಲೇಜು ಇದೆ. ಪದವಿಗೆ ಹೊಳೆಯಾಚೆಯ ಕುಂದಾಪುರಕ್ಕೆ ಹೋಗಬೇಕು. ಆಚೆ ದಡ ಕಣ್ಣಿಗೆ ಕಾಣುತ್ತಿದ್ದರೂ ಬಸ್ಸು ಮುಳ್ಳಿಕಟ್ಟೆ, ಹೆಮ್ಮಾಡಿ, ತಲ್ಲೂರು ಸುತ್ತಿಕೊಂಡೇ ತಲುಪುತ್ತದೆ. ಲೆಕ್ಕಪರಿಶೋಧಕರ ಸಂಸ್ಥೆಯ ಶಾಖೆ ಬೇಕೆಂದರೆ ಉಡುಪಿ, ಕಂಪನಿ ಸೆಕ್ರೆಟರಿಗಳ ಚಾಪ್ಟರ್ ಬೇಕೆಂದರೆ ಮಂಗಳೂರು, ದೊಡ್ಡ ಕಂಪನಿಗಳು ಬೇಕೆಂದರೆ ಬೆಂಗಳೂರು. ನಮ್ಮ ಓದುಗರಲ್ಲಿ ಬಹಳ ಮಂದಿಯ ಊರುಗಳ ಸ್ಥಿತಿಯೂ ಇದೇ. ಕಾರ್ಕಳ, ಮೂಡುಬಿದಿರೆ, ನರಸಿಂಹರಾಜಪುರ, ಶ್ರವಣಬೆಳಗೊಳ, ಅಥಣಿ, ಹುಕ್ಕೇರಿ ಎಲ್ಲೆಡೆಯೂ ಪಿಯುಸಿ ಮನೆಯ ಹತ್ತಿರವಿದೆ, ಮುಂದಿನದು ದೂರವಿದೆ.

ಬ್ಯಾಂಕಿನ ದಾರಿ ಕಿರಿದಾದ ಮೇಲೆ

ಕರಾವಳಿಯಲ್ಲಿ ವಾಣಿಜ್ಯ ಓದಿದವರಿಗೆ ಬಹುಕಾಲ ಒಂದು ಸಿದ್ಧ ದಾರಿ ಇತ್ತು. ಬಿ.ಕಾಂ. ಮುಗಿಸುವುದು, ಬ್ಯಾಂಕ್ ಸೇರುವುದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಎರಡು ಜಿಲ್ಲೆಗಳ ಮೂರು ತಲೆಮಾರು ಈ ಬ್ಯಾಂಕುಗಳಲ್ಲಿ ಬದುಕು ಕಟ್ಟಿಕೊಂಡಿತು.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ವಿಲೀನವಾದವು. ಬ್ಯಾಂಕ್ ನೌಕರಿ ಇಲ್ಲವಾಗಿಲ್ಲ, ಆದರೆ ಅದು ಊರಿನ ನೌಕರಿಯಾಗಿ ಉಳಿದಿಲ್ಲ. ರಾಷ್ಟ್ರಮಟ್ಟದ ಪರೀಕ್ಷೆ ಬರೆದು, ಎಲ್ಲಿಗೆ ಹಾಕಿದರೂ ಹೋಗಬೇಕು. ಬರೀ ಬಿ.ಕಾಂ. ಪದವಿಗೆ ಮೊದಲಿದ್ದ ತೂಕ ಇಳಿದಿದೆ. ಅದರ ಜಾಗಕ್ಕೆ ಸಿಎ, ಸಿಎಸ್, ಸಿಎಂಎ ಎಂಬ ಮೂರು ಹೆಸರುಗಳು ಬಂದಿವೆ. ಕುಂದಾಪುರದಂಥ ತಾಲ್ಲೂಕು ಕೇಂದ್ರದಲ್ಲೂ ಇವುಗಳಿಗೆ ತರಬೇತಿ ಸಿಗುತ್ತಿರುವುದು, ಪಿಯು ಕಾಲೇಜುಗಳಲ್ಲಿ ಮಾಹಿತಿ ಕಾರ್ಯಕ್ರಮಗಳು ನಡೆಯುತ್ತಿರುವುದು ಈ ಬದಲಾವಣೆಯ ಗುರುತು.

ಮೂರು ಸಂಸ್ಥೆ, ಮೂರು ಸಹಿ

ಮೂರೂ ಸಂಸತ್ತಿನ ಕಾಯ್ದೆಯಿಂದ ಸ್ಥಾಪಿತವಾದ ಸಂಸ್ಥೆಗಳ ಅರ್ಹತೆಗಳು. ಸಿಎ 1949ರ ಕಾಯ್ದೆಯಿಂದ, ಕಾಸ್ಟ್ ಅಕೌಂಟೆಂಟರ ಸಿಎಂಎ 1959ರ ಕಾಯ್ದೆಯಿಂದ, ಕಂಪನಿ ಸೆಕ್ರೆಟರಿಗಳ ಸಿಎಸ್ 1980ರ ಕಾಯ್ದೆಯಿಂದ ಬಂದವು. ಹಿರಿಯರು ಐಸಿಡಬ್ಲ್ಯುಎ ಎಂದು ಕರೆಯುತ್ತಿದ್ದದ್ದೇ ಇಂದಿನ ಸಿಎಂಎ. 2021ರ ಮಾರ್ಚ್‌ನಲ್ಲಿ ಯುಜಿಸಿ ಈ ಮೂರನ್ನೂ ಸ್ನಾತಕೋತ್ತರ ಪದವಿಗೆ ಸಮಾನವೆಂದು ಪರಿಗಣಿಸಿತು. ಹಾಗಾಗಿ "ಯಾವುದು ದೊಡ್ಡದು" ಎಂಬ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. "ಯಾರ ಸಹಿ ಯಾವ ಕಾಗದಕ್ಕೆ ಬೇಕು" ಎಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಕಂಪನಿಯ ವಾರ್ಷಿಕ ಲೆಕ್ಕಪರಿಶೋಧನೆಗೆ ಮತ್ತು ಆದಾಯ ತೆರಿಗೆಯ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ವೃತ್ತಿನಿರತ ಸಿಎಗೆ ಮಾತ್ರ ಇದೆ. ಗಂಗೊಳ್ಳಿಯ ಬೋಟು ಮಾಲೀಕರ ಪಾಲುದಾರಿಕೆ, ಮಂಜುಗಡ್ಡೆ ಕಾರ್ಖಾನೆ, ಪೇಟೆಯ ಜವಳಿ ಅಂಗಡಿ ಇವೆಲ್ಲ ಒಂದು ಮಿತಿ ದಾಟಿದೊಡನೆ ಸಿಎ ಬಳಿಗೆ ಹೋಗಲೇಬೇಕು. ಚಿಕ್ಕ ಊರಿನಲ್ಲೂ ಸ್ವಂತ ಕಚೇರಿ ತೆರೆದು ಬದುಕಬಹುದಾದ ಅರ್ಹತೆ ಮೂರರಲ್ಲಿ ಇದೊಂದೇ ಎಂದರೆ ತಪ್ಪಾಗದು.

ಸಿಎಂಎ ಓದಿದವರದು ಒಂದು ವಸ್ತು ತಯಾರಾಗಲು ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಬಿಡಿಸಿ ನೋಡುವ ಕೆಲಸ. ಕುಂದಾಪುರದ ಸುತ್ತ ಇರುವ ಗೇರುಬೀಜ ಕಾರ್ಖಾನೆಗಳನ್ನೇ ತೆಗೆದುಕೊಳ್ಳಿ. ಒಂದು ಕಿಲೋ ತಿರುಳು ಹೊರಬರಲು ಕಚ್ಚಾ ಬೀಜಕ್ಕೆ ಎಷ್ಟು, ಸುಲಿಯುವ ಕೂಲಿ ಎಷ್ಟು, ಒಡೆದ ಚೂರಿನ ನಷ್ಟ ಎಷ್ಟು, ವಿದ್ಯುತ್ತು ಎಷ್ಟು ಎಂಬ ಲೆಕ್ಕ ಸರಿಯಿಲ್ಲದಿದ್ದರೆ ವ್ಯಾಪಾರ ಜೋರಾಗಿದ್ದರೂ ಮಾಲೀಕ ಸೋಲುತ್ತಾನೆ. ಕಂಪನಿ ಕಾಯ್ದೆ 2013ರ 148ನೇ ಕಲಮಿನ ಅಡಿ ನಿಗದಿತ ಉದ್ಯಮಗಳಲ್ಲಿ 35 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿರುವ ಕಂಪನಿಗಳು ಉತ್ಪಾದನಾ ವೆಚ್ಚದ ದಾಖಲೆ ಇಡಬೇಕು. ಅದಕ್ಕೂ ಮೇಲಿನ ಮಿತಿಗಳಲ್ಲಿ ವೆಚ್ಚ ಪರಿಶೋಧನೆಯೂ ಕಡ್ಡಾಯ. ಅದಕ್ಕೆ ಸಹಿ ಹಾಕುವವರು ಕಾಸ್ಟ್ ಅಕೌಂಟೆಂಟ್. ಕಾರ್ಖಾನೆ, ವಿದ್ಯುತ್ ಕಂಪನಿ, ಸರ್ಕಾರಿ ಸ್ವಾಮ್ಯದ ಉದ್ದಿಮೆಗಳಲ್ಲಿ ಇವರಿಗೆ ಜಾಗವಿದೆ.

ಸಿಎಸ್ ಓದಿದವರು ಕಂಪನಿಯ ಕಾನೂನು ನಡವಳಿಕೆ ನೋಡಿಕೊಳ್ಳುತ್ತಾರೆ. ನಿರ್ದೇಶಕರ ಸಭೆ, ನಡಾವಳಿ, ಷೇರು ವರ್ಗಾವಣೆ, ಕಂಪನಿ ನೋಂದಣಾಧಿಕಾರಿಗೆ ಸಲ್ಲಿಸುವ ದಾಖಲೆಗಳು ಅವರ ಹೊಣೆ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗೂ 10 ಕೋಟಿ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಪಾವತಿತ ಬಂಡವಾಳವಿರುವ ಕಂಪನಿಗಳಿಗೂ ಪೂರ್ಣಾವಧಿ ಕಂಪನಿ ಸೆಕ್ರೆಟರಿ ಇರಲೇಬೇಕು. ಖಾಸಗಿ ಕಂಪನಿಗಳಿಗೆ ಈ ಮಿತಿ 2020ರ ಏಪ್ರಿಲ್‌ಗೆ ಮೊದಲು 5 ಕೋಟಿ ಇತ್ತು. ಅದನ್ನು 10 ಕೋಟಿಗೆ ಏರಿಸಿದಾಗ ಕಡ್ಡಾಯ ಹುದ್ದೆಗಳ ವ್ಯಾಪ್ತಿ ಕಿರಿದಾಯಿತು. ಇಂಥ ಕಂಪನಿಗಳು ತಾಲ್ಲೂಕು ಕೇಂದ್ರದಲ್ಲಿ ಸಿಗುವುದು ವಿರಳ. ಸಿಎಸ್ ಆರಿಸಿಕೊಂಡವರು ಮಂಗಳೂರು, ಬೆಂಗಳೂರು, ಮುಂಬೈಗಳಲ್ಲಿ ಬದುಕು ಕಾಣಬೇಕಾಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಕಾನೂನಿನ ಭಾಷೆಯಲ್ಲಿ ಆಸಕ್ತಿಯಿದ್ದು, ಬರವಣಿಗೆ ಚೆನ್ನಾಗಿರುವ ಮಕ್ಕಳಿಗೆ ಇದು ಒಗ್ಗುವ ಕೆಲಸ. ಮುಂದೆ ಎಲ್‌ಎಲ್‌ಬಿ ಸೇರಿಸಿಕೊಂಡರೆ ಎರಡೂ ಒಂದಕ್ಕೊಂದು ಬಲ ಕೊಡುತ್ತವೆ.

ಮೂವರಿಗೂ ಸಮಾನವಾಗಿ ತೆರೆದಿರುವ ಕ್ಷೇತ್ರಗಳೂ ಇವೆ. ಜಿಎಸ್‌ಟಿ ಅಧಿಕಾರಿಗಳ ಮುಂದೆ ಕಕ್ಷಿದಾರರ ಪರ ಹಾಜರಾಗುವುದು, ಸಾಕಷ್ಟು ಅನುಭವದ ನಂತರ ದಿವಾಳಿ ಪ್ರಕ್ರಿಯೆ ನಿರ್ವಹಿಸುವ ವೃತ್ತಿಪರರಾಗುವುದು ಇವಕ್ಕೆ ಉದಾಹರಣೆ.

ಸಿಎ: ಹೊಸ ಪದ್ಧತಿಯ ಕ್ಯಾಲೆಂಡರ್

2023ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಪದ್ಧತಿ ಸಿಎ ಓದಿನ ಅವಧಿಯನ್ನು ಬದಲಿಸಿದೆ. ಆರ್ಟಿಕಲ್‌ಶಿಪ್ 3 ವರ್ಷದಿಂದ 2 ವರ್ಷಕ್ಕೆ ಇಳಿಯಿತು. ಇಂಟರ್‌ಮೀಡಿಯೆಟ್ ಮತ್ತು ಫೈನಲ್ ಹಂತಗಳ ಪತ್ರಿಕೆಗಳು ತಲಾ 8ರಿಂದ 6ಕ್ಕೆ ಇಳಿದವು. ಫೌಂಡೇಶನ್ ಮತ್ತು ಇಂಟರ್‌ಮೀಡಿಯೆಟ್ ಪರೀಕ್ಷೆಗಳು 2024ರಿಂದ ವರ್ಷಕ್ಕೆ ಮೂರು ಬಾರಿ, ಅಂದರೆ ಜನವರಿ, ಮೇ ಮತ್ತು ಸೆಪ್ಟೆಂಬರ್ ಅವಧಿಗಳಲ್ಲಿ ನಡೆಯುತ್ತಿವೆ. 2025ರಲ್ಲಿ ಫೈನಲ್ ಕೂಡ ಹಾಗೆಯೇ ನಡೆಯಿತು.

ಫೌಂಡೇಶನ್‌ಗೆ ಹತ್ತನೇ ತರಗತಿಯ ನಂತರವೇ ನೋಂದಾಯಿಸಬಹುದು, ಪರೀಕ್ಷೆ ಬರೆಯಲು ಪಿಯುಸಿ ಮುಗಿದಿರಬೇಕು. ನೋಂದಣಿಯಾಗಿ 4 ತಿಂಗಳಾದ ಮೇಲಷ್ಟೇ ಪರೀಕ್ಷೆಗೆ ಅವಕಾಶ. ಮೇ ತಿಂಗಳ ಪರೀಕ್ಷೆ ಬೇಕೆಂದರೆ ಜನವರಿ 1ರೊಳಗೆ ನೋಂದಾಯಿಸಿರಬೇಕು. ಪಿಯುಸಿ ಫಲಿತಾಂಶ ನೋಡಿ ಏಪ್ರಿಲ್‌ನಲ್ಲಿ ವಿಚಾರ ಮಾಡಲು ಕುಳಿತರೆ ಮೇ ಪರೀಕ್ಷೆ ಕೈತಪ್ಪಿ ಸೆಪ್ಟೆಂಬರ್‌ಗೆ ಹೋಗುತ್ತದೆ.

ಎಲ್ಲವೂ ಮೊದಲ ಪ್ರಯತ್ನದಲ್ಲೇ ಕೈಗೂಡಿದರೆ ಲೆಕ್ಕ ಹೀಗಿರುತ್ತದೆ. ಪಿಯುಸಿ ಮುಗಿದ ಮೇ ತಿಂಗಳಲ್ಲಿ ಫೌಂಡೇಶನ್. ನಂತರ ಕನಿಷ್ಠ 8 ತಿಂಗಳ ಓದು ಕಡ್ಡಾಯವಾದ ಕಾರಣ ಮರುವರ್ಷ ಮೇ ತಿಂಗಳಲ್ಲಿ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್. ಎರಡೂ ಗ್ರೂಪ್ ತೇರ್ಗಡೆಯಾದ ಮೇಲೆ 2 ವರ್ಷದ ಆರ್ಟಿಕಲ್‌ಶಿಪ್. ಅದು ಮುಗಿದು 6 ತಿಂಗಳ ಓದಿನ ನಂತರ ಫೈನಲ್. ಒಟ್ಟು ನಾಲ್ಕು ವರ್ಷ. ಪ್ರತಿ ಹಂತದಲ್ಲೂ ಪ್ರತಿ ಪತ್ರಿಕೆಗೆ ಕನಿಷ್ಠ 40 ಮತ್ತು ಒಟ್ಟಾರೆ ಶೇ 50 ಅಂಕ ಬೇಕು. ಎಲ್ಲದರಲ್ಲೂ 45 ಬಂದರೆ ಪಿಯುಸಿಯಲ್ಲಿ ತೇರ್ಗಡೆ, ಇಲ್ಲಿ ಅನುತ್ತೀರ್ಣ.

ಹೆಚ್ಚಿನವರಿಗೆ ಈ ನಾಲ್ಕು ವರ್ಷ ಐದೋ ಆರೋ ಆಗುತ್ತದೆ. ಮೂರು ಬಾರಿ ಪರೀಕ್ಷೆ ನಡೆಯುವುದರಿಂದ ಒಮ್ಮೆ ಸೋತರೆ ನಷ್ಟವಾಗುವುದು ಆರು ತಿಂಗಳಲ್ಲ, ನಾಲ್ಕು ತಿಂಗಳು. ಇದು ಒಳ್ಳೆಯದೇ. ಆದರೆ ಸೋತ ಪರೀಕ್ಷೆಯ ಫಲಿತಾಂಶ ಬಂದು ಮುಂದಿನದಕ್ಕೆ ಅರ್ಜಿ ಹಾಕುವ ನಡುವೆ ಎಲ್ಲಿ ಎಡವಿದೆ ಎಂದು ಕುಳಿತು ಯೋಚಿಸಲು ಸಮಯವೇ ಉಳಿಯುವುದಿಲ್ಲ. ಅದೇ ತಯಾರಿ, ಅದೇ ತಪ್ಪು, ಅದೇ ಫಲಿತಾಂಶ ಎಂಬ ಸುಳಿಗೆ ಸಿಕ್ಕ ಮಕ್ಕಳೂ ಇದ್ದಾರೆ.

ಇನ್ನೆರಡು ಸಂಗತಿಗಳನ್ನು ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಪೋಷಕರು ಗಮನಿಸಬೇಕು. ಮೊದಲನೆಯದು, ಫೌಂಡೇಶನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ವ್ಯವಹಾರ ಗಣಿತ, ತರ್ಕ ಮತ್ತು ಸಂಖ್ಯಾಶಾಸ್ತ್ರದ್ದು. ಅದರಲ್ಲೂ ಅರ್ಥಶಾಸ್ತ್ರದಲ್ಲೂ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಪಿಯುಸಿಯಲ್ಲಿ ಇತಿಹಾಸವಿರುವ ಎಚ್‌ಇಬಿಎ ಆರಿಸಿಕೊಂಡ ಮಗು ಈ ಪತ್ರಿಕೆಗೆ ಹೊಸದಾಗಿ ಕಲಿಯಬೇಕು. ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎ ಓದಿದವರಿಗೆ ಅರ್ಧ ದಾರಿ ಸವೆದಿರುತ್ತದೆ. ಎರಡನೆಯದು ಭಾಷೆ. ಪಿಯುಸಿ ವಾಣಿಜ್ಯವನ್ನು ಕನ್ನಡದಲ್ಲಿ ಬರೆಯಬಹುದು, ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಕನ್ನಡ ಮಾಧ್ಯಮದ ಮಗು ಬುದ್ಧಿಯಲ್ಲಿ ಹಿಂದಿಲ್ಲ, ಆದರೆ ಕಾನೂನಿನ ಪತ್ರಿಕೆಯಲ್ಲಿ ಅದಕ್ಕೆ ಎರಡು ಕೆಲಸ. ವಿಷಯವನ್ನೂ ಕಲಿಯಬೇಕು, ಅದನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನೂ ಕಲಿಯಬೇಕು. ಇದಕ್ಕೆ ಆರು ತಿಂಗಳು ಹೆಚ್ಚು ಕೊಡುವುದು ಸೋಲಲ್ಲ.

ಸಿಎಸ್, ಸಿಎಂಎ ಮತ್ತು ಒಂದೇ ಹೆಸರಿನ ಗೊಂದಲ

ಸಿಎಸ್‌ಗೆ ಮೊದಲ ಬಾಗಿಲು ಸಿಎಸ್‌ಇಇಟಿ ಎಂಬ ಪ್ರವೇಶ ಪರೀಕ್ಷೆ. 2020ರಲ್ಲಿ ಇದು ಹಳೆಯ ಫೌಂಡೇಶನ್ ಹಂತದ ಜಾಗಕ್ಕೆ ಬಂತು. ವ್ಯವಹಾರ ಸಂವಹನ, ಅರ್ಥಶಾಸ್ತ್ರದಂಥ ವಿಷಯಗಳ ಮೇಲೆ ವಸ್ತುನಿಷ್ಠ ಪ್ರಶ್ನೆಗಳಿರುತ್ತವೆ. ನಂತರ ಎಕ್ಸಿಕ್ಯುಟಿವ್ ಮತ್ತು ಪ್ರೊಫೆಷನಲ್ ಎಂಬ ಎರಡು ಹಂತ. 2022ರ ಪಠ್ಯಕ್ರಮದಂತೆ ತಲಾ 7 ಪತ್ರಿಕೆಗಳು. ಜೊತೆಗೆ 21 ತಿಂಗಳ ಪ್ರಾಯೋಗಿಕ ತರಬೇತಿ.

ಸಿಎಂಎಗೆ ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂದು ಮೂರು ಹಂತ. ಫೌಂಡೇಶನ್‌ನ ನಾಲ್ಕೂ ಪತ್ರಿಕೆಗಳು ವಸ್ತುನಿಷ್ಠ. ಮುಂದಿನ ಎರಡು ಹಂತಗಳಲ್ಲಿ ತಲಾ 8 ಪತ್ರಿಕೆ, ಮತ್ತು 15 ತಿಂಗಳ ತರಬೇತಿ. ಎರಡೂ ಸಂಸ್ಥೆಗಳ ಮುಖ್ಯ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಪ್ರವೇಶ ಹಂತ ಸುಲಭ ಕಂಡಿತೆಂದು ಇಡೀ ಕೋರ್ಸನ್ನೇ ಸುಲಭವೆಂದು ತಿಳಿಯಬಾರದು. ಸಿಎಯಲ್ಲಿ ಮಗು ಫೌಂಡೇಶನ್‌ನಲ್ಲೇ ತಡೆಯಬಹುದು. ಇವೆರಡರಲ್ಲಿ ಕಷ್ಟ ಎರಡನೇ ಹಂತಕ್ಕೆ ಸರಿಯುತ್ತದೆ.

ಇಲ್ಲಿ ಪೋಷಕರು ಮೋಸಹೋಗುವ ಒಂದು ಜಾಗವಿದೆ. ಅಮೆರಿಕದ ಐಎಂಎ ಎಂಬ ಸಂಸ್ಥೆ ಕೊಡುವ ಅರ್ಹತೆಯ ಹೆಸರೂ ಸಿಎಂಎ. ಅದು ಎರಡೇ ಭಾಗದ ಪರೀಕ್ಷೆ, ಪ್ರಮಾಣಪತ್ರ ಪಡೆಯಲು ಪದವಿಯೂ ಕೆಲಸದ ಅನುಭವವೂ ಬೇಕು. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳು ತೆರೆದಿರುವ ಹಣಕಾಸು ಕೇಂದ್ರಗಳಲ್ಲಿ ಅದಕ್ಕೆ ಬೆಲೆ ಇದೆ. ಬ್ರಿಟನ್ನಿನ ಎಸಿಸಿಎ ಅರ್ಹತೆಗೂ ಹಾಗೆಯೇ. ಆದರೆ ಇವುಗಳನ್ನು ಮಾತ್ರ ಪಡೆದವರು ಭಾರತದ ಕಾನೂನಿನಡಿ ಲೆಕ್ಕಪರಿಶೋಧನೆಗಾಗಲಿ ವೆಚ್ಚ ಪರಿಶೋಧನೆಗಾಗಲಿ ಸಹಿ ಹಾಕಲಾರರು. ಕಾಲೇಜಿನ ಜಾಹೀರಾತಿನಲ್ಲಿ "ಬಿ.ಕಾಂ. ಜೊತೆ ಸಿಎಂಎ" ಎಂದಿದ್ದರೆ ಅದು ಭಾರತದ್ದೋ ಅಮೆರಿಕದ್ದೋ ಎಂಬುದು ಪೋಷಕರು ಕೇಳಬೇಕಾದ ಮೊದಲ ಪ್ರಶ್ನೆ. ಶುಲ್ಕದ ಪ್ರಶ್ನೆ ಅದಾದ ಮೇಲೆ.

ಕಾನೂನು ಬದಲಾದರೆ ಕೆಲಸವೂ ಬದಲಾಗುತ್ತದೆ

ಈ ವೃತ್ತಿಗಳ ಅನ್ನ ಕಾನೂನಿನ ಕಲಮುಗಳಲ್ಲಿದೆ. ಹೀಗಾಗಿ ಇಂದಿನ ಬೇಡಿಕೆ ನೋಡಿ ಹತ್ತು ವರ್ಷದ ಬದುಕು ನಿರ್ಧರಿಸುವಾಗ ಎಚ್ಚರ ಬೇಕು. ಜಿಎಸ್‌ಟಿ ಬಂದಾಗ ಅದರ ವಾರ್ಷಿಕ ಲೆಕ್ಕಕ್ಕೆ ಸಿಎ ಅಥವಾ ಸಿಎಂಎಯಿಂದ ಆಡಿಟ್ ಕಡ್ಡಾಯವಾಗಿತ್ತು. 2021ರಲ್ಲಿ ಆ ಕಡ್ಡಾಯವನ್ನು ತೆಗೆದರು, ಅನೇಕ ಸಣ್ಣ ಕಚೇರಿಗಳ ಒಂದು ಆದಾಯ ಮೂಲ ಹೋಯಿತು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಾಗ, "ಅಕೌಂಟೆಂಟ್" ಎಂಬ ಪದದ ವ್ಯಾಖ್ಯೆಯೊಳಗೆ ತಮ್ಮನ್ನೂ ಸೇರಿಸಬೇಕೆಂದು ಕಾಸ್ಟ್ ಅಕೌಂಟೆಂಟರು ಮತ್ತು ಕಂಪನಿ ಸೆಕ್ರೆಟರಿಗಳು ಒತ್ತಾಯಿಸಿದ್ದರು. ಸಂಸತ್ತು ಒಪ್ಪಿದ ಕಾಯ್ದೆಯಲ್ಲಿ ಸಿಎ ಮಾತ್ರ ಉಳಿದರು. 2026ರ ಏಪ್ರಿಲ್ 1 ಆ ಕಾಯ್ದೆ ಜಾರಿಯ ದಿನ. ತೆರಿಗೆ ಆಡಿಟ್‌ನ ಮಟ್ಟಿಗೆ ಸಿಎ ಸ್ಥಾನ ಸದ್ಯಕ್ಕೆ ಭದ್ರ ಎಂದು ಇದರರ್ಥ.

ಇನ್ನೊಂದು ಬೆಳವಣಿಗೆ ಬೇರೆ ದಿಕ್ಕಿನದು. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಭಾರತದ್ದೇ ಆದ ದೊಡ್ಡ ಬಹುವೃತ್ತಿ ಸಂಸ್ಥೆಗಳನ್ನು ಬೆಳೆಸುವ ಕುರಿತು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಲೆಕ್ಕಪರಿಶೋಧಕರು, ಕಂಪನಿ ಸೆಕ್ರೆಟರಿಗಳು, ಕಾಸ್ಟ್ ಅಕೌಂಟೆಂಟರು, ವಕೀಲರು ಒಂದೇ ಸೂರಿನಡಿ ದುಡಿಯುವ ಸಂಸ್ಥೆಗಳು ಬೆಳೆದರೆ "ಸಿಎ ಆಗದಿದ್ದರೆ ಎರಡನೇ ದರ್ಜೆ" ಎಂಬ ಭಾವನೆ ಕರಗಬಹುದು. ಅಷ್ಟರಲ್ಲಿ ದಾಖಲೆ ತುಂಬುವ, ರಸೀದಿ ಹೊಂದಿಸುವ ಕೆಲಸವನ್ನು ತಂತ್ರಾಂಶಗಳು ಮಾಡತೊಡಗಿವೆ. ವಹಿವಾಟನ್ನು ಅರ್ಥ ಮಾಡಿಕೊಂಡು ಸರಿ ತಪ್ಪು ಹೇಳುವವರಿಗೆ ಮಾತ್ರ ಮುಂದೆ ಬೆಲೆ. ಮೂರರಲ್ಲಿ ಯಾವುದನ್ನು ಓದಿದರೂ ಈ ಮಾತು ಒಂದೇ.

ನೇರ ದಾರಿಯೋ, ಬಿ.ಕಾಂ. ದಾರಿಯೋ?

ಗಂಗೊಳ್ಳಿಯಂಥ ಊರಿನ ಮನೆಯ ನಿಜವಾದ ಆಯ್ಕೆ ಇಲ್ಲಿದೆ ಎಂಬುದು ಈ ಲೇಖನದ ಅಭಿಪ್ರಾಯ. ಮೂರು ಕೋರ್ಸುಗಳಲ್ಲಿ ಯಾವುದು ಎಂಬುದಕ್ಕಿಂತ ಯಾವ ಬಾಗಿಲಿನಿಂದ ಒಳಹೋಗುವುದು ಎಂಬುದು ಹೆಚ್ಚು ಮುಖ್ಯ.

ಒಂದು ಬಾಗಿಲು ಪಿಯುಸಿ ಮುಗಿಯುತ್ತಲೇ ಫೌಂಡೇಶನ್. ವೇಗದ ದಾರಿ ಇದು. ಇನ್ನೊಂದು, ಮೊದಲು ಬಿ.ಕಾಂ. ಮಾಡಿ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರುವುದು. ವಾಣಿಜ್ಯ ಪದವಿಯಲ್ಲಿ ಶೇ 55, ಬೇರೆ ಪದವಿಯಲ್ಲಿ ಶೇ 60 ಅಂಕವಿದ್ದವರಿಗೆ ಸಿಎ ಸಂಸ್ಥೆ ಫೌಂಡೇಶನ್ ಇಲ್ಲದೆಯೇ ಪ್ರವೇಶ ಕೊಡುತ್ತದೆ. ಸಿಎಂಎಗೂ ಪದವೀಧರರು ನೇರವಾಗಿ ಎರಡನೇ ಹಂತಕ್ಕೆ ಸೇರಬಹುದು. 2024ರಲ್ಲಿ ಕರ್ನಾಟಕ ಮತ್ತೆ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಈ ದಾರಿಯ ಉದ್ದವೂ ಸ್ಪಷ್ಟವಾಗಿದೆ.

ನೇರ ದಾರಿಯನ್ನು ಹೊಗಳುವವರ ವಾದ ಬಲವಾದದ್ದು. ಹದಿನೆಂಟರ ಮಗುವಿಗೆ ಓದಿನ ಲಯ ತಪ್ಪಿರುವುದಿಲ್ಲ, 22ಕ್ಕೆ ವೃತ್ತಿ ಕೈಯಲ್ಲಿರುತ್ತದೆ. ಪಿಯುಸಿಯಲ್ಲೇ ದಿನಕ್ಕೆ ಆರು ಗಂಟೆ ಸ್ವಂತವಾಗಿ ಕುಳಿತು ಓದುವ ಅಭ್ಯಾಸವಿದ್ದ ಮಗುವಿಗೆ ಇದೇ ಸರಿ. ಆದರೆ ಕಾಲೇಜಿನ ಟಿಪ್ಪಣಿ ಓದಿ ಶೇ 95 ಪಡೆದ ಮಗು ಫೌಂಡೇಶನ್‌ನಲ್ಲಿ ಎರಡು ಬಾರಿ ಸೋತು, ಪದವಿಗೂ ಸೇರದೆ ಇಪ್ಪತ್ತಕ್ಕೆ ಬರೀ ಪಿಯುಸಿ ಪ್ರಮಾಣಪತ್ರ ಹಿಡಿದು ನಿಲ್ಲುವ ಅಪಾಯವೂ ಇದೇ ದಾರಿಯಲ್ಲಿದೆ. ಊರಿನಲ್ಲಿ ಓರಗೆಯವರು ಪದವಿ ಮುಗಿಸುತ್ತಿರುವಾಗ ಆ ಮಗು ಮನೆಯಿಂದ ಹೊರಬರುವುದನ್ನೇ ಬಿಡುತ್ತದೆ.

ಹೀಗಾಗಿ ನೇರ ದಾರಿ ಹಿಡಿದರೂ ಪದವಿ ಕೈಬಿಡಬಾರದು. ಕುಂದಾಪುರದ ಭಂಡಾರ್‌ಕಾರ್ಸ್ ಕಾಲೇಜಿನಂಥಲ್ಲಿ ಬಿ.ಕಾಂ.ಗೆ ಸೇರಿ ಮೊದಲ ವರ್ಷ ಜೊತೆಯಲ್ಲೇ ಫೌಂಡೇಶನ್ ಬರೆಯಬಹುದು. ಮುಂದೆ ಆರ್ಟಿಕಲ್‌ಶಿಪ್ ಸೇರುವಾಗ ಪದವಿ ಉಳಿದಿದ್ದರೆ ಸಂಸ್ಥೆಯ ಅನುಮತಿ ಪಡೆಯಬೇಕು. ತರಗತಿಯ ಸಮಯ ಕಚೇರಿಯ ಸಮಯಕ್ಕೆ ಅಡ್ಡ ಬರಬಾರದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಬಿ.ಕಾಂ. ಇಂಥವರಿಗೆ ಇನ್ನೊಂದು ಆಸರೆ. ಪದವಿ ಇದ್ದರೆ ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ, ಎಂ.ಕಾಂ., ಎಂಬಿಎ, ಎಲ್‌ಎಲ್‌ಬಿ ಎಲ್ಲವೂ ತೆರೆದಿರುತ್ತವೆ.

ಹಣ, ವಾಸ, ಊಟ

ಸಂಸ್ಥೆಗಳಿಗೆ ಕಟ್ಟುವ ನೋಂದಣಿ ಮತ್ತು ಪರೀಕ್ಷಾ ಶುಲ್ಕ ದೊಡ್ಡದಲ್ಲ. ಸಿಎಯ ಮೂರು ಹಂತ ಸೇರಿದರೂ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದು ವರ್ಷದ ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕಕ್ಕಿಂತ ಕಡಿಮೆಯೇ ಆಗುತ್ತದೆ. ಬಡ ಮತ್ತು ಮಧ್ಯಮ ವರ್ಗದ ಮನೆಗಳಿಗೆ ಈ ವೃತ್ತಿಗಳ ದೊಡ್ಡ ಆಕರ್ಷಣೆ ಇದು. ನಿಜವಾದ ಖರ್ಚು ತರಬೇತಿ ಮತ್ತು ಪಟ್ಟಣದ ವಾಸದ್ದು. ಆರ್ಟಿಕಲ್‌ಶಿಪ್‌ನಲ್ಲಿ ಊರಿನ ಜನಸಂಖ್ಯೆಗೆ ತಕ್ಕಂತೆ ಕನಿಷ್ಠ ಸ್ಟೈಪೆಂಡ್ ನಿಗದಿಯಾಗಿದೆ. ಆದರೆ ಆ ಕನಿಷ್ಠ ಮೊತ್ತದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಹುಟ್ಟುವುದಿಲ್ಲ.

ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಉಡುಪಿ ಅಥವಾ ಕುಂದಾಪುರದ ಸಿಎ ಕಚೇರಿಯಲ್ಲಿ ಆರ್ಟಿಕಲ್ ಮಾಡಿದ ಮಗು ಮನೆಯಿಂದಲೇ ಓಡಾಡುತ್ತದೆ. ಜಿಎಸ್‌ಟಿ ರಿಟರ್ನ್‌ನಿಂದ ಸಹಕಾರ ಸಂಘದ ಲೆಕ್ಕದವರೆಗೆ, ಬ್ಯಾಂಕ್ ಶಾಖೆಯ ಆಡಿಟ್‌ನಿಂದ ದೇವಸ್ಥಾನ ಟ್ರಸ್ಟಿನ ಲೆಕ್ಕದವರೆಗೆ ಎಲ್ಲವನ್ನೂ ಕೈಯಾರೆ ಮಾಡುತ್ತದೆ. ದೊಡ್ಡ ನಗರದ ದೊಡ್ಡ ಕಚೇರಿಯಲ್ಲಿ ಒಂದೇ ಕಂಪನಿಯ ಒಂದೇ ವಿಭಾಗದ ಆಡಿಟ್ ಆಳವಾಗಿ ಸಿಗುತ್ತದೆ. ಊರಿಗೆ ಮರಳಿ ಸ್ವಂತ ಕಚೇರಿ ತೆರೆಯುವ ಆಸೆಯಿದ್ದವರಿಗೆ ಮೊದಲನೆಯದು, ಕಂಪನಿ ಉದ್ಯೋಗ ಬಯಸುವವರಿಗೆ ಎರಡನೆಯದು ತಕ್ಕದ್ದು.

ನಮ್ಮ ಮನೆಗಳ ಇನ್ನೆರಡು ಚಿಂತೆಗಳೂ ಇವೆ. ಸೂರ್ಯಾಸ್ತದ ಮೊದಲು ಊಟ ಮುಗಿಸುವ ನಿಯಮವಿರುವ ಮಕ್ಕಳಿಗೆ ಏಪ್ರಿಲ್‌ನ ಬ್ಯಾಂಕ್ ಆಡಿಟ್, ಸೆಪ್ಟೆಂಬರ್‌ನ ತೆರಿಗೆ ಆಡಿಟ್ ದಿನಗಳು ಕಷ್ಟದವು. ಕಚೇರಿ ಸೇರುವ ಮೊದಲೇ ಹಿರಿಯರೊಡನೆ ಮಾತಾಡಿಕೊಂಡು ಸಂಜೆ ಐದಕ್ಕೆ ಅರ್ಧ ಗಂಟೆ ಬಿಡುವು ಕೇಳಿಕೊಂಡರೆ ಸಾಮಾನ್ಯವಾಗಿ ಸಿಗುತ್ತದೆ. ಕೇಳದೆ ಉಪವಾಸ ಬೀಳುವುದು ಬೇಡ. ಸೆಪ್ಟೆಂಬರ್‌ನ ಸಿಎ ಪರೀಕ್ಷೆಗಳು ಕೆಲವು ವರ್ಷ ದಶಲಕ್ಷಣ ಪರ್ವದ ಹತ್ತಿರಕ್ಕೆ ಬರುತ್ತವೆ. ಕಟ್ಟುನಿಟ್ಟಿನ ವ್ರತ ಹಿಡಿಯುವ ಮಕ್ಕಳು ಜನವರಿ ಅಥವಾ ಮೇ ಪರೀಕ್ಷೆಯನ್ನೇ ಗುರಿಯಾಗಿಟ್ಟುಕೊಂಡರೆ ಎರಡೂ ಸಾಗುತ್ತವೆ.

ಸಮಾಜ ಮಾಡಬಹುದಾದದ್ದು

ಲೆಕ್ಕ ನಮಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಬಡ್ಡಿ, ಬಂಡವಾಳದ ಲೆಕ್ಕಗಳನ್ನು ವಿವರಿಸಿದರು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ವ್ಯಾಪಾರಿಗೆ ಬೇಕಾದ ಲೆಕ್ಕ ಅವನ ಭಾಷೆಯಲ್ಲೇ ಸಿಗಬೇಕು ಎಂಬ ವಿವೇಕ ಅಂದೇ ಇತ್ತು. ಇಂದು ಈ ಕೋರ್ಸುಗಳ ಮೊದಲ ಹಂತದ ವಿಷಯಗಳನ್ನು ಕನ್ನಡದಲ್ಲಿ ವಿವರಿಸುವ ಹತ್ತು ಒಳ್ಳೆಯ ಪಾಠಗಳು ಇದ್ದರೂ ಹಳ್ಳಿಯ ಮಕ್ಕಳಿಗೆ ದೊಡ್ಡ ಸಹಾಯ.

ಸಮಾಜದಲ್ಲಿ ವೃತ್ತಿನಿರತ ಸಿಎ, ಸಿಎಸ್, ಸಿಎಂಎಗಳು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಪ್ರತಿ ಕಚೇರಿ ವರ್ಷಕ್ಕೆ ಒಂದು ಗ್ರಾಮೀಣ ಮಗುವಿಗೆ ತರಬೇತಿಯ ಜಾಗ ಕೊಟ್ಟರೆ, ಅದಕ್ಕೆ ದೇಣಿಗೆಯೂ ಬೇಡ, ಸಮಾರಂಭವೂ ಬೇಡ. ಪಟ್ಟಣಗಳ ವಿದ್ಯಾರ್ಥಿ ನಿಲಯಗಳು ನಿಯತ ಕಾಲೇಜಿನ ಮಕ್ಕಳಿಗೆ ಮಾತ್ರವಲ್ಲದೆ, ಆರ್ಟಿಕಲ್‌ಶಿಪ್‌ನಲ್ಲಿರುವವರಿಗೂ ಕೆಲವು ಹಾಸಿಗೆ ಮೀಸಲಿಡಬಹುದು. ಕಾಲೇಜಿನ ಗುರುತಿನ ಚೀಟಿ ಇಲ್ಲದ ಈ ಮಕ್ಕಳಿಗೆ ಹಾಸ್ಟೆಲ್ ಸಿಗುವುದೇ ಕಷ್ಟ. 2014ರ ಜನವರಿಯಲ್ಲಿ ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತ ಮೇಲೆ ಹಲವು ವಿದ್ಯಾರ್ಥಿವೇತನ, ಸಾಲ ಯೋಜನೆಗಳು ನಮಗೂ ಅನ್ವಯಿಸುತ್ತವೆ. ಯಾವ ಯೋಜನೆ ಈ ವೃತ್ತಿಪರ ಕೋರ್ಸುಗಳಿಗೆ ಸಿಗುತ್ತದೆ ಎಂದು ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ಆಯಾ ವರ್ಷವೇ ವಿಚಾರಿಸಬೇಕು. ಸಂಸ್ಥೆಗಳೇ ಕೊಡುವ ವಿದ್ಯಾರ್ಥಿವೇತನ ಮತ್ತು ಶುಲ್ಕ ರಿಯಾಯಿತಿಯ ಬಗ್ಗೆಯೂ ಕೇಳಬೇಕು.

ಇನ್ನೊಂದು ಕೆಲಸಕ್ಕೆ ಹಣ ಬೇಕಿಲ್ಲ, ನಾಲಿಗೆಯ ಹಿಡಿತ ಸಾಕು. ಮದುವೆ ಮನೆಯಲ್ಲಿ, ಬಸದಿಯ ಅಂಗಳದಲ್ಲಿ "ಇನ್ನೂ ಸಿಎ ಆಗಲಿಲ್ಲವೇ?" ಎಂದು ಕೇಳುವುದನ್ನು ನಿಲ್ಲಿಸೋಣ. ನೂರರಲ್ಲಿ ಎಂಬತ್ತು ಮಂದಿ ಒಂದು ಬಾರಿಗೆ ದಾಟದ ಪರೀಕ್ಷೆಯಲ್ಲಿ ಸೋಲುವುದು ಅವಮಾನವಲ್ಲ. ಹೆಣ್ಣುಮಕ್ಕಳಿಗಂತೂ ಈ ಪ್ರಶ್ನೆಯ ಹಿಂದೆಯೇ ಮದುವೆಯ ಮಾತು ಬರುತ್ತದೆ, ಇಂಟರ್‌ಮೀಡಿಯೆಟ್ ಮುಗಿಸಿದವಳ ಓದು ಅಲ್ಲಿಗೇ ನಿಲ್ಲುತ್ತದೆ. ಇನ್ನು ಎರಡು ವರ್ಷ ಕಾದರೆ ಅವಳ ಕೈಯಲ್ಲಿ ಜೀವನವಿಡೀ ಉಳಿಯುವ ವೃತ್ತಿ ಇರುತ್ತದೆ.

ನಿರ್ಧಾರಕ್ಕೆ ಮುನ್ನ

ಪೋಷಕರು ಮಗುವಿನೊಡನೆ ಒಂದು ಸಂಜೆ ಕುಳಿತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಡುವುದು ಒಳಿತು. ಮಗುವಿಗೆ ಇಷ್ಟವಿರುವುದು ಲೆಕ್ಕ ಮತ್ತು ತೆರಿಗೆಯೋ, ಕಾನೂನು ಮತ್ತು ಬರವಣಿಗೆಯೋ, ಕಾರ್ಖಾನೆಯ ಖರ್ಚುವೆಚ್ಚವೋ? ಮುಂದೆ ಊರಿನಲ್ಲಿ ಬದುಕುವ ಆಸೆಯೋ, ನಗರದಲ್ಲೋ? ಪದವಿ ಯಾವ ರೀತಿಯಲ್ಲಿ ಜೊತೆಗಿರುತ್ತದೆ? ಒಂದು ಹಂತದಲ್ಲಿ ಎಷ್ಟು ಪ್ರಯತ್ನದವರೆಗೆ ಮುಂದುವರಿಯುವುದು, ಆ ನಂತರ ಯಾವ ದಾರಿ?

ಕೊನೆಯ ಪ್ರಶ್ನೆಯನ್ನು ಹೆಚ್ಚಿನ ಮನೆಗಳು ಅಪಶಕುನವೆಂದು ಕೇಳುವುದೇ ಇಲ್ಲ. ಮೊದಲೇ ಕೇಳಿ ಬರೆದಿಟ್ಟ ಮನೆಯಲ್ಲಿ ಮೂರನೇ ಬಾರಿ ಸೋತ ಮಗು ತಂದೆ ತಾಯಿಯ ಮುಖ ನೋಡಲು ಹೆದರಬೇಕಿಲ್ಲ. ಸಿಎಯಿಂದ ಸಿಎಂಎಗೆ, ಸಿಎಸ್‌ಗೆ, ಎಂ.ಕಾಂ.ಗೆ ಅಥವಾ ಮನೆಯ ವ್ಯಾಪಾರಕ್ಕೆ ಹೊರಳುವುದು ಆಗ ಒಪ್ಪಿಕೊಂಡ ಯೋಜನೆಯ ಮುಂದಿನ ಹೆಜ್ಜೆಯಷ್ಟೇ ಆಗಿರುತ್ತದೆ. ಮುಂದಿನ ಮೇ ತಿಂಗಳ ಫೌಂಡೇಶನ್ ಬರೆಯುವ ಮನಸ್ಸಿದ್ದವರಿಗೆ ನೋಂದಣಿಯ ಕೊನೆಯ ದಿನ ಜನವರಿ 1. ಈ ಮಾತುಕತೆ ಅದಕ್ಕೂ ಮೊದಲೇ ನಡೆಯಲಿ.